ಹುಲ್ಲು ಕತ್ತರಿಸುವ ಮೆಷಿನ್‌ಗೆ ಯಾವ ಪ್ಲಗ್, ಯಾವ ಪಾನಾ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಕಳೆದ ಸಭೆಯಲ್ಲಿ ಸಾಲ, ಉಳಿತಾಯ ಅಂತ ಮಾತಾಡಿದೆವು. ಇವತ್ತು ಸ್ಪಾರ್ಕ್ ಪ್ಲಗ್ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು ನಕ್ಕಿರಿ. ನಗಿ, ಪರವಾಗಿಲ್ಲ. ಆದರೆ ಇದೂ ಸಾಲದ ವಿಷಯವೇ.

ನಮ್ಮ ಒಂದು ಸಂಘದವರು ಸಾಲ ತೆಗೆದು ಹುಲ್ಲು ಕತ್ತರಿಸುವ ಮೆಷಿನ್ ಕೊಂಡರು. ತೋಟಗಳಿಗೆ ಬಾಡಿಗೆಗೆ ಕೊಡುತ್ತಿದ್ದರು, ಕಂತು ಸರಿಯಾಗಿ ಕಟ್ಟುತ್ತಿದ್ದರು. ಮಳೆ ಶುರುವಾಗಿ ಹುಲ್ಲು ಬೆಳೆಯುವ ಹೊತ್ತಿಗೇ ಮೆಷಿನ್ ಸ್ಟಾರ್ಟ್ ಆಗಲಿಲ್ಲ. ಒಬ್ಬರ ಮಗ ಪೇಟೆಯಿಂದ ಪ್ಲಗ್ ತಂದ. ಅಂಗಡಿಯವರು "ಎಲ್ಲಾ ಒಂದೇ, ಹಾಕಿ" ಅಂದರಂತೆ. ಥ್ರೆಡ್ ಸರಿಯಾಗಿಯೇ ಕೂತಿತು. ಆದರೆ ಪ್ಲಗ್ ಉದ್ದ ಜಾಸ್ತಿ. ಹಗ್ಗ ಎಳೆದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ಇನ್ನೂ ಜೋರಾಗಿ ಎಳೆದರು. ಒಳಗೆ ಪಿಸ್ಟನ್ ತಲೆಗೆ ಪೆಟ್ಟು ಬಿತ್ತು. ಮಳೆಗಾಲವಿಡೀ ಮೆಷಿನ್ ಮೂಲೆಯಲ್ಲಿ, ಕಂತು ಮಾತ್ರ ತಿಂಗಳು ತಿಂಗಳು ಬಂತು. ಅವರ ಮುಖ ನೋಡಲು ನನಗೇ ಆಗುತ್ತಿರಲಿಲ್ಲ. ಕೊಳ್ಳುವಾಗ ಈ ಮಾಹಿತಿ ಕೊಡದೆ ಇದ್ದದ್ದು ನಮ್ಮದೂ ತಪ್ಪೇ.

ಆದ್ದರಿಂದ ಪ್ಲಗ್ ಮೈಮೇಲಿನ ನಂಬರ್ ಓದಲು ಕಲಿಯಿರಿ. ಅನೇಕ ಎರಡು ಸ್ಟ್ರೋಕ್ ಮೆಷಿನ್‌ಗಳಿಗೆ ಎನ್‌ಜಿಕೆಯ ಬಿಪಿಎಂಆರ್7ಎ ಬರುತ್ತದೆ. ಮೊದಲಿನ 'ಬಿ' ಅಂದರೆ ಥ್ರೆಡ್ 14 ಮಿ.ಮೀ. ದಪ್ಪ. ಇದರ ಥ್ರೆಡ್ ಉದ್ದ 9.5 ಮಿ.ಮೀ. ಮಾತ್ರ. ಅದೇ 14 ಮಿ.ಮೀ. ದಪ್ಪದ ಬಿಪಿಆರ್6ಇಎಸ್ ಪ್ಲಗ್‌ನ ಥ್ರೆಡ್ 19 ಮಿ.ಮೀ. ಉದ್ದ. ದಪ್ಪ ಒಂದೇ ಇರುವುದರಿಂದ ಎರಡೂ ತೂತಿಗೆ ಕೂರುತ್ತವೆ, ಮೋಸ ಆಗುವುದು ಅಲ್ಲೇ. ಹೋಂಡಾ ಜಿಎಕ್ಸ್35 ಎಂಜಿನ್‌ಗೆ ಸಿಎಂಆರ್5ಎಚ್, ಅದರ ಥ್ರೆಡ್ 10 ಮಿ.ಮೀ.; ಅದು ಬೇರೆಯದಕ್ಕೆ ಕೂರುವುದೇ ಇಲ್ಲ.

ನಡುವಿನ ಅಂಕಿ ಶಾಖದ್ದು. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಬೇಗ ತಣ್ಣಗಾಗುತ್ತದೆ, ಬಾಷ್‌ನಲ್ಲಿ ಉಲ್ಟಾ. ಹಾಗಾಗಿ ಅಂಕಿ ನೋಡಿ ನೀವೇ ಅಂದಾಜು ಮಾಡಬೇಡಿ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಬರೆದದ್ದನ್ನೇ ಕೇಳಿ, ಹಳೆ ಪ್ಲಗ್ಗನ್ನೂ ಅಂಗಡಿಗೆ ಒಯ್ಯಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೀರೆ ಬಣ್ಣಕ್ಕೆ ರವಿಕೆ ಬಟ್ಟೆ ತೆಗೆಯುವಾಗ ಎಷ್ಟು ಹೊತ್ತು ನೋಡುತ್ತೀರಿ ಹೇಳಿ!

ಹತ್ಯಾರು ಜಾಸ್ತಿ ಏನೂ ಬೇಡ. ಪ್ಲಗ್ ಬಿಚ್ಚಲು ಅದಕ್ಕೆ ಸರಿಯಾದ ಬಾಕ್ಸ್ ಸ್ಪ್ಯಾನರ್: ಬಿಪಿಎಂಆರ್7ಎಗೆ 19, ಸಿಎಂಆರ್5ಎಚ್‌ಗೆ 16 ನಂಬರ್. ಮೆಷಿನ್ ಜೊತೆ ಒಂದು ಬಂದೇ ಇರುತ್ತದೆ, ಮನೆ ಮಕ್ಕಳು ಆಟಕ್ಕೆ ಒಯ್ದಿರುತ್ತಾರೆ. ಕಟಿಂಗ್ ಪ್ಲೈಯರ್ ಹಾಕಿ ತಿರುಗಿಸಬೇಡಿ, ಬಿಳಿ ಪಿಂಗಾಣಿ ಬಿರುಕು ಬಿಡುತ್ತದೆ. ಇನ್ನೊಂದು ಫೀಲರ್ ಗೇಜ್. ತುದಿಯ ಸಂದು ಅಳೆಯಲು ತೆಳು ತಗಡುಗಳ ಕಟ್ಟು ಅದು. ಸಂದು ಎಷ್ಟಿರಬೇಕೆಂದು ಪುಸ್ತಕದಲ್ಲಿದೆ. ಎಷ್ಟೋ ಎರಡು ಸ್ಟ್ರೋಕ್ ಮೆಷಿನ್‌ಗಳಿಗೆ 0.5 ಮಿ.ಮೀ.

ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ. ಮೊದಲು ಸುತ್ತಲಿನ ಮಣ್ಣು ಒರೆಸಿ, ಇಲ್ಲವಾದರೆ ಒಳಗೆ ಬೀಳುತ್ತದೆ. ಹಾಕುವಾಗ ಕೈಯಿಂದಲೇ ಕೊನೆಯವರೆಗೆ ತಿರುಗಿಸಿ. ಕೈಗೆ ಬಿಗಿ ಬಂದರೆ ಓರೆ ಕೂತಿದೆ ಅಂತ, ಹಿಂದೆ ತಿರುಗಿಸಿ ಮತ್ತೆ ಹಾಕಿ. ಪೂರ್ತಿ ಕೂತ ನಂತರ, ಹೊಸ ಪ್ಲಗ್ ಆದರೆ ಸ್ಪ್ಯಾನರಿನಿಂದ ಅರ್ಧ ಸುತ್ತು ಸಾಕು. ಎಂಜಿನ್ ತಲೆ ಅಲ್ಯೂಮಿನಿಯಂ, ಥ್ರೆಡ್ ಹೋದರೆ ಪ್ಲಗ್ ಬೆಲೆಯಲ್ಲಿ ಮುಗಿಯುವುದಿಲ್ಲ.

ಬಿಚ್ಚಿದ ಪ್ಲಗ್ ತುದಿ ನೋಡಿ. ತೆಳು ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಾಗಿ ಜಿಡ್ಡಿದ್ದರೆ ಪೆಟ್ರೋಲಿಗೆ ಆಯಿಲ್ ಜಾಸ್ತಿ ಬಿದ್ದಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಒಂದು ಲೀಟರಿಗೆ 20 ಮಿ.ಲೀ. ಅಂತ ಪುಸ್ತಕದಲ್ಲಿದ್ದರೆ 20 ಅಳೆದೇ ಹಾಕಿ, "ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು" ಅನ್ನೋದು ಸಾರಿಗೆ ಎಣ್ಣೆ ಹಾಕುವವರ ಲೆಕ್ಕ. ತುದಿ ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ವಿಪರೀತ ಕಾಯುತ್ತಿದೆ, ಓಡಿಸಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಪ್ಲಗ್ ಹೊರಗಿಟ್ಟು ಕಿಡಿ ನೋಡುವ ಪರೀಕ್ಷೆಯನ್ನೂ ಅವರಿಗೇ ಬಿಡಿ, ಹತ್ತಿರದಲ್ಲೇ ಪೆಟ್ರೋಲ್ ಇರುತ್ತದೆ.

ಮುಂದಿನ ತಿಂಗಳು ಬರುವಾಗ ನಿಮ್ಮ ಮೆಷಿನ್ ಪುಸ್ತಕವನ್ನೂ ಹಳೆ ಪ್ಲಗ್ಗನ್ನೂ ತನ್ನಿ. ಪ್ಲಗ್ ನಂಬರನ್ನು ಸಂಘದ ನಿರ್ಣಯ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡೋಣ.