ಸವಣೂರಿಗೆ ಕೆಲಸವಿಲ್ಲದೆ ಹೋಗಿ ಬನ್ನಿ



ಊರು ನೋಡುವುದರ ಬಗ್ಗೆ ಮಾತಾಡುತ್ತೇನೆ ಎಂದು ನಮ್ಮ ಚಿಕ್ಕೇರೂರಿನ ಸಂಘದವರಿಗೆ ಹೇಳಿದ್ದೆ. ಹಂಪಿ, ಬಾದಾಮಿ, ಮೈಸೂರಿನ ಹೆಸರು ಬರುತ್ತದೆಂದು ನೀವು ಕಾದಿರಬಹುದು. ಆ ಊರುಗಳ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹೇಳಬೇಕೆಂದಿರುವುದು ನಮ್ಮ ಹಾವೇರಿ ಜಿಲ್ಲೆಯದೇ ಆದ ಸವಣೂರಿನ ಬಗ್ಗೆ.

ಚಿಕ್ಕೇರೂರಿನವರು ಸವಣೂರಿಗೆ ಯಾವಾಗ ಹೋಗುತ್ತೇವೆ? ಬೀಗರ ಮನೆಯ ಮದುವೆಗೆ, ಹೆಣ್ಣು ನೋಡಲಿಕ್ಕೆ, ಯಾವುದೋ ಕಾಗದಪತ್ರಕ್ಕೆ. ಕೆಲಸ ಮುಗಿಯುತ್ತಲೇ ಬಸ್ ಸ್ಟ್ಯಾಂಡಿಗೆ ಓಡಿ, ಹಾವೇರಿ ಬಸ್ ಹಿಡಿದು ವಾಪಸ್ ಬರುತ್ತೇವೆ. ಹಾಗೆ ಹೋದವನ ಕಣ್ಣಿಗೆ ಬೀಳುವುದು ಕಚೇರಿಯ ಬಾಗಿಲು, ಮದುವೆಯ ಚಪ್ಪರ, ಬಸ್ಸಿನ ಬೋರ್ಡು, ಇಷ್ಟೇ. ಊರು ಕಾಣಬೇಕಾದರೆ ಅಲ್ಲಿ ನಮಗೆ ಕೆಲಸವಿರಬಾರದು. ಅರ್ಧ ದಿವಸವಾದರೂ ಪರಸ್ಥಳದವರ ಹಾಗೆ ಓಣಿ ಓಣಿ ತಿರುಗಬೇಕು, ಕಂಡಿದ್ದನ್ನು ಕೇಳಬೇಕು. ದೂರದ ಊರಿನಲ್ಲಿ ಇದು ತಾನಾಗಿ ಆಗುತ್ತದೆ, ಪಕ್ಕದ ಊರಿನಲ್ಲಿ ಮನಸ್ಸು ಮಾಡಬೇಕಾಗುತ್ತದೆ.

ಮೊದಲು ದೊಡ್ಡಹುಣಸೆ ಮಠಕ್ಕೆ ಹೋಗಿ. ಮಠಕ್ಕೆ ಆ ಹೆಸರು ಬಂದದ್ದು ಅಂಗಳದ ಮರಗಳಿಂದ. ಜನ ಹುಣಸೆ ಎಂದು ಕರೆದರೂ ನಮ್ಮ ಹೊಲದ ಬದುವಿನ ಹುಣಸೆಗೂ ಅದಕ್ಕೂ ಸಂಬಂಧವಿಲ್ಲ. ಅದು ಆಫ್ರಿಕಾದ ಬಾವೊಬಾಬ್. ಕಾಂಡದ ಮುಂದೆ ನಿಂತಾಗ ಮರದ ಬುಡದಲ್ಲಿ ನಿಂತಿದ್ದೇವೆ ಅನ್ನಿಸುವುದಿಲ್ಲ, ಒಂದು ಕಟ್ಟಡದ ಮೂಲೆಯಲ್ಲಿ ನಿಂತಂತಾಗುತ್ತದೆ. ನಾಲ್ಕಾರು ಜನ ಕೈ ಕೈ ಹಿಡಿದರೂ ಸುತ್ತುವರಿಯಲು ಸಾಲುವುದಿಲ್ಲ. ತೊಗಟೆಯ ಮೇಲೆ ಅಂಗೈ ಇಟ್ಟು ನೋಡಿ: ಬೇವಿನ ಒರಟಾಗಲಿ, ಮಾವಿನ ಬಿರುಕಾಗಲಿ ಅಲ್ಲಿಲ್ಲ. ಬೂದು ಬಣ್ಣ, ನುಣುಪು, ಅಲ್ಲಲ್ಲಿ ಮಡಿಕೆ. ಒಳಗಿನ ಕಟ್ಟಿಗೆ ಮೆತ್ತಗೆ, ನಾರು ನಾರು; ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆ ಕಳೆಯುವುದು ಈ ಜಾತಿಯ ಸ್ವಭಾವ. ಬಿಸಿಲುಗಾಲದಲ್ಲಿ ಹೋದರೆ ಒಂದು ಎಲೆಯೂ ಇರುವುದಿಲ್ಲ. ಮುಂಗಾರು ಬಿದ್ದ ಮೇಲೆ ಚಿಗುರುತ್ತದೆ, ಅಂಗೈ ಅಗಲದ ಬಿಳಿ ಹೂ ಉದ್ದನೆಯ ತೊಟ್ಟಿನಿಂದ ಕೆಳಮುಖವಾಗಿ ತೂಗುತ್ತದೆ. ಹೂ ಅರಳುವುದು ಸಂಜೆಗೆ. ಬಾವಲಿಗಳು ಬರುವ ಹೊತ್ತು ಅದು. ಮರುದಿನವೇ ಹೂ ಬಾಡಿ ನೆಲಕ್ಕೆ ಬೀಳುತ್ತದೆ. ಹಾಗಾಗಿ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವವರಿಗೆ ಬಿದ್ದ ಹೂ ಸಿಗಬಹುದು, ಅರಳುವುದು ಮಾತ್ರ ಕಾಣುವುದಿಲ್ಲ.

ಈ ಬೀಜವನ್ನು ಶ್ರೀಕೃಷ್ಣನೇ ತಂದನೆಂಬ ಕಥೆ ಅಲ್ಲಿ ಕೇಳಸಿಗುತ್ತದೆ. ಕೆಲವರು ಮರಕ್ಕೆ ಎರಡು ಸಾವಿರ ವರ್ಷ ಎನ್ನುತ್ತಾರೆ, ಕೆಲವರು ಇನ್ನೂ ಹೆಚ್ಚು ಹೇಳುತ್ತಾರೆ. ವಿಜ್ಞಾನಿಗಳು ಇನ್ನೊಂದು ದಾರಿಯಿಂದ ಹೊರಟರು. ಭಾರತದ ಬೇರೆ ಬೇರೆ ಕಡೆಯ ಬಾವೊಬಾಬ್ ಮರಗಳ ವಂಶವಾಹಿಗಳನ್ನು ಆಫ್ರಿಕಾದ ಮರಗಳ ಜೊತೆ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅವು ಒಂದೇ ಸಲಕ್ಕೆ ಬಂದವಲ್ಲ, ಆಫ್ರಿಕಾದ ಒಂದಕ್ಕಿಂತ ಹೆಚ್ಚು ಭಾಗಗಳಿಂದ ಹಲವು ಸಲ ಬಂದವು ಎಂದು ಅದು ಹೇಳಿತು. ಹಡಗಿನಲ್ಲಿ ಬಂದವರ ಜೊತೆ ಬೀಜವೂ ಬಂದಿರಬೇಕು. ವಿಜಾಪುರದ ದರಬಾರಿನಲ್ಲಿ ಆಫ್ರಿಕಾ ಮೂಲದ ಸರದಾರರಿದ್ದರು. ಇಖ್ಲಾಸ್ ಖಾನನಂಥವರು ರಾಜ್ಯವನ್ನೇ ನಡೆಸಿದರು. ಇವತ್ತಿಗೂ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗದವರು ಇದ್ದಾರೆ. ಹಾನಗಲ್ ದಾಟಿದರೆ ಮುಂಡಗೋಡ ಎಷ್ಟು ದೂರ? ಈ ಮರಕ್ಕೂ ಆ ಜನಕ್ಕೂ ನೇರ ನಂಟು ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ಆಫ್ರಿಕಾ ನಮಗೆ ಭೂಗೋಳ ಪುಸ್ತಕದಲ್ಲಿ ಕಾಣುವಷ್ಟು ದೂರವೇನಲ್ಲ ಎಂಬುದು ಈ ಅಂಗಳದಲ್ಲಿ ನಿಂತಾಗ ಮನಸ್ಸಿಗೆ ಬರುತ್ತದೆ.

ಅಲ್ಲಿದ್ದ ಮರ ಮೂರು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬೇರುಸಹಿತ ಉರುಳಿತು. ಸುದ್ದಿ ಓದಿದ ದಿವಸ ಮನೆಯ ಹಿರಿಯರನ್ನು ಕಳೆದುಕೊಂಡಂತಾಯಿತು. ಆದರೆ ಸವಣೂರಿನವರು, ಅಧಿಕಾರಿಗಳು ಅದನ್ನು ಕಟ್ಟಿಗೆ ಮಾಡಲಿಲ್ಲ. ಕ್ರೇನ್ ತರಿಸಿ ಆ ಮರವನ್ನು ಎತ್ತಿ ಮತ್ತೆ ನೆಟ್ಟರು. ಬಿದ್ದ ಮರವನ್ನು ಎತ್ತಿ ನಿಲ್ಲಿಸಲು ಇಷ್ಟು ಶ್ರಮ ಪಟ್ಟ ಊರು ಯಾವುದೆಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಸವಣೂರು.

ಮಠದಿಂದ ಪೇಟೆಗೆ ಬನ್ನಿ. ಸವಣೂರಿನ ಎಲೆ ನಿಮಗೆಲ್ಲ ಗೊತ್ತು. ನಮ್ಮ ಲಗ್ನ, ಸೀಮಂತ, ಉಡಿ ತುಂಬುವುದು ಯಾವುದೂ ಎಲೆಯಿಲ್ಲದೆ ನಡೆಯುವುದಿಲ್ಲ. ಮುಂಬಯಿಯವರೆಗೂ ಅದಕ್ಕೆ ಹೆಸರಿದೆ. ಆದರೆ ಎಲೆ ಮಾರುವವರ ಪಕ್ಕದಲ್ಲಿ ಕೂತು ಅವರ ಕೈಯನ್ನು ನೋಡಿದವರು ಎಷ್ಟು ಮಂದಿ? ಒಬ್ಬ ತಾಯಿಯ ಬುಟ್ಟಿಯ ಪಕ್ಕ ನಾನು ಕೂತೆ.

“ಯಾವ ಊರಾತ್ರಿ ಅಣ್ಣಾರ?”

“ಚಿಕ್ಕೇರೂರ್ರಿ ಅವ್ವಾರ.”

“ಏನ್ ಕೆಲಸಕ್ಕ ಬಂದಿದ್ರಿ?”

“ಕೆಲಸೇನಿಲ್ರಿ. ಊರು ನೋಡಾಕ ಬಂದೀನಿ.”

“ಸವಣೂರಾಗ ನೋಡೂದೇನೈತ್ರಿ! ಮುಂಜಾನೆದ್ದು ನಾವು ಇದನ್ನ ನೋಡತೀವಿ.”

ಹಾಗೆಂದ ಆ ತಾಯಿಯೇ ಆಮೇಲೆ ಬಹಳ ಹೊತ್ತು ನನಗೆ ಎಲೆಯ ಪಾಠ ಹೇಳಿದರು. ಅವರ ಬೆರಳುಗಳು ಮಾತಿನ ಉದ್ದಕ್ಕೂ ನಿಲ್ಲಲಿಲ್ಲ. ಕಟ್ಟು ಬಿಚ್ಚುವುದು, ಒಂದೊಂದೇ ಎಲೆಯನ್ನು ತಿರುವಿ ಬೆನ್ನು ನೋಡುವುದು, ಕಪ್ಪು ಚುಕ್ಕೆ ಬಿದ್ದದ್ದನ್ನು ಆಚೆಗೆ ತೆಗೆಯುವುದು, ಅಂಚು ಮಾತ್ರ ಕೆಟ್ಟಿದ್ದರೆ ಕತ್ತರಿಯಿಂದ ಅಷ್ಟನ್ನೇ ಕತ್ತರಿಸಿ ಉಳಿದದ್ದನ್ನು ಸಾಲಿಗೆ ಸೇರಿಸುವುದು, ತೊಟ್ಟುಗಳನ್ನು ಒಂದೇ ಕಡೆಗೆ ಮಾಡಿ ನೀರು ಚಿಮುಕಿಸಿ ಹಸಿ ಬಟ್ಟೆ ಮುಚ್ಚುವುದು. ಕೊಳೆತ ಎಲೆಯೊಂದನ್ನು ಒಳಗೆ ಬಿಟ್ಟರೆ ಮರುದಿನಕ್ಕೆ ಇಡೀ ಕಟ್ಟು ಹೋಗುತ್ತದೆ; ಅದಕ್ಕೇ ದಿನವೂ ತಿರುವಬೇಕು. ತೋಟದಲ್ಲಿ ಎಲೆ ಕೊಯ್ಯುವವರು ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಳ್ಳುತ್ತಾರೆ, ಬರಿಗೈಯಲ್ಲಿ ಚಿವುಟಿದರೆ ಸಂಜೆಯ ಹೊತ್ತಿಗೆ ಬೆರಳು ಹಣ್ಣಾಗುತ್ತದೆ. ಬಳ್ಳಿಗೆ ಬಿಸಿಲೂ ಬೇಕು, ನೆರಳೂ ಬೇಕು. ಅದಕ್ಕೆ ಚೊಗಚಿ, ನುಗ್ಗೆ ಹಚ್ಚಿ ಅವುಗಳ ಮೇಲೆ ಹಬ್ಬಿಸುತ್ತಾರೆ. ಬಳ್ಳಿ ಎತ್ತರಕ್ಕೆ ಹೋದ ಮೇಲೆ ಅದನ್ನು ಕೆಳಗಿಳಿಸಿ, ಬುಡದಲ್ಲಿ ಸುತ್ತಿ ಮಣ್ಣು ಮುಚ್ಚಿ, ತುದಿಯನ್ನು ಮತ್ತೆ ಮೇಲಕ್ಕೆ ಬಿಡುತ್ತಾರೆ. ಹೀಗೆ ವರ್ಷ ವರ್ಷ ಹಳೆಯ ಬಳ್ಳಿಯೇ ಹೊಸದಾಗುತ್ತದೆ. ಕೃಷಿ ಕಾಲೇಜಿನಲ್ಲಿ ಕಲಿಸುವಂಥ ವಿದ್ಯೆ ಇದು. ಹೊರಗಿನವನೊಬ್ಬ ಪಕ್ಕದಲ್ಲಿ ಕೂತು ಕೇಳಿದ್ದಕ್ಕೆ ಆ ವಿದ್ಯೆಯೆಲ್ಲ ಪೇಟೆಯ ಬದಿಯಲ್ಲೇ ಹೊರಬಂತು.

ಇಷ್ಟೆಲ್ಲ ಒಂದೇ ಊರಿನಲ್ಲಿ ಯಾಕೆ ಸೇರಿತು? ಇದಕ್ಕೆ ಸ್ವಲ್ಪ ಇತಿಹಾಸ ಬೇಕು. ವಿಜಾಪುರದ ಆದಿಲಶಾಹಿ 1686ರಲ್ಲಿ ಮುಗಿದಾಗ, ಅಲ್ಲಿ ಸರದಾರನಾಗಿದ್ದ ಪಠಾಣ ಅಬ್ದುಲ್ ರೌಫ್ ಖಾನ್ ಔರಂಗಜೇಬನ ಪಕ್ಷ ಸೇರಿದ. ಬಂಕಾಪುರ, ತೊರಗಲ್ಲು, ಅಜಮನಗರದ ಸೀಮೆಗಳು ಅವನಿಗೆ ಜಹಗೀರಾಗಿ ಬಂದವು. ರಾಜಧಾನಿ ಬಂಕಾಪುರದಿಂದ ಸವಣೂರಿಗೆ ಬಂತು. ಮುಂದಿನ ಶತಮಾನದಲ್ಲಿ ಈ ಪುಟ್ಟ ಪಟ್ಟಣದ ಮೇಲೆ ಕಣ್ಣಿಡದ ದೊರೆಯಿಲ್ಲ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಮುತ್ತಿಗೆ ಹಾಕಿದ. ನಿಜಾಮನ ಸೈನ್ಯದ ಜೊತೆ ಫ್ರೆಂಚರ ಬುಸ್ಸಿ ತೋಪು ತಂದು ಹೂಡಿದ. ಪ್ಯಾರಿಸ್ಸಿನ ಕಡೆಯ ಸೈನಿಕರು ನಮ್ಮ ಎರೆ ಭೂಮಿಯಲ್ಲಿ ತೋಪಿನ ಗಾಲಿ ನೂಕಿದ್ದನ್ನು ಕಲ್ಪಿಸಿಕೊಳ್ಳಿ. 1779ರಲ್ಲಿ ಹೈದರಾಲಿ ನವಾಬರ ಜೊತೆ ಬೀಗತನ ಬೆಳೆಸಿ, ಒಬ್ಬ ಮಗಳನ್ನು ಕೊಟ್ಟು ಒಬ್ಬ ಸೊಸೆಯನ್ನು ತಂದುಕೊಂಡ. ಕಡೆಗೆ ಬ್ರಿಟಿಷರ ಕಾಲಕ್ಕೆ ಉಳಿದದ್ದು ಸುಮಾರು 70 ಚದರ ಮೈಲಿಯ ಸಂಸ್ಥಾನ. ಸುತ್ತಲೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ, ನಡುವೆ ನವಾಬರ ಸವಣೂರು. ನಮ್ಮ ಈ ಭಾಗ ಆಗ ಕೋಡ ತಾಲ್ಲೂಕು. ನಮ್ಮ ಮುತ್ತಜ್ಜಂದಿರು ಎಲೆ ತರಲು ಸವಣೂರಿಗೆ ಹೋದರೆ ಇನ್ನೊಂದು ಸರಕಾರದ ನೆಲದ ಮೇಲೆ ಕಾಲಿಟ್ಟಂತೆ. 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಹಾಗೇ ಇತ್ತು.

ರಾಜಧಾನಿಯಾಗಿದ್ದ ಊರಿಗೆ ಹೊರಗಿನವರು ಬರುತ್ತಾರೆ: ಸಿಪಾಯಿ, ವ್ಯಾಪಾರಿ, ಮೌಲವಿ, ಸ್ವಾಮಿ, ಅಡಿಗೆಯವನು. ಬಂದವರಲ್ಲಿ ಬಹಳ ಮಂದಿ ಅಲ್ಲಿಯೇ ನಿಂತುಬಿಟ್ಟರು, ಆಫ್ರಿಕಾದ ಮರ ನಿಂತ ಹಾಗೆ. ಸವಣೂರಿನಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಇದೇ. ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ವೃಂದಾವನಸ್ಥರಾದದ್ದು ನವಾಬರ ಈ ರಾಜಧಾನಿಯಲ್ಲಿ. ಹೋಳಿ ಹುಣ್ಣಿಮೆಯ ಮರುದಿನ ಬರುವ ಅವರ ಆರಾಧನೆಗೆ ದೂರ ದೂರದಿಂದ ಭಕ್ತರು ಬರುತ್ತಾರೆ. ವೀರಶೈವ ಮಠದ ಅಂಗಳದಲ್ಲಿ ಆಫ್ರಿಕಾದ ಮರ, ಪಠಾಣರ ಊರಿನಲ್ಲಿ ಮಾಧ್ವ ಯತಿಗಳ ವೃಂದಾವನ. ಯಾರೂ ಇದನ್ನು ವಿಶೇಷವೆಂದು ಹೇಳಿಕೊಂಡು ತಿರುಗುವುದಿಲ್ಲ. ದಾರಿ ಕೇಳಿದರೆ, ಟೊಪ್ಪಿಗೆ ಹಾಕಿದ ಮುದುಕರೊಬ್ಬರು ಎದ್ದು ಬಂದು ಮಠದ ತಿರುವಿನವರೆಗೆ ಬಿಟ್ಟು ಹೋಗುತ್ತಾರೆ.

ಇದೇ ಸವಣೂರಿನಲ್ಲಿ 1909ರ ಆಗಸ್ಟ್ 9ರಂದು ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ, ಕನ್ನಡದಲ್ಲಿ ಮಹಾಕಾವ್ಯ ಬರೆದು, ಜ್ಞಾನಪೀಠ ಪಡೆದವರು. ಮಕ್ಕಳೆ, ಶಾಲೆಯಲ್ಲಿ ಕನ್ನಡದ ಸ್ಥಾನಕ್ಕಾಗಿ ನಡೆದ ಗೋಕಾಕ್ ಚಳವಳಿಯ ಹೆಸರು ನೀವು ಕೇಳಿದ್ದೀರಿ. ಆ ಚಳವಳಿಯ ಹಿಂದಿದ್ದ ವರದಿಯ ಗೋಕಾಕರು ಇವರೇ. ನವಾಬರ ದರಬಾರಿನ ಊರಿನ ಹುಡುಗನೊಬ್ಬನ ಹೆಸರು ಮುಂದೆ ಕನ್ನಡದ ಅತಿ ದೊಡ್ಡ ಚಳವಳಿಗೆ ಬಂತು. ಸವಣೂರು ತಾಲ್ಲೂಕಿನದೇ ಹತ್ತಿಮತ್ತೂರಿನವರು ಚಂಪಾ, ಚಂದ್ರಶೇಖರ ಪಾಟೀಲರು. ಅವರೂ ಅದೇ ಚಳವಳಿಯ ಮುಂದಾಳುಗಳಲ್ಲೊಬ್ಬರು.

ಹಸಿವಾಗಿದ್ದರೆ ಖಾರಾ ಕೊಳ್ಳಿ. ಹಾವೇರಿಯಿಂದ ಹುಬ್ಬಳ್ಳಿಯವರೆಗೆ ಅಂಗಡಿಗಳ ಮೇಲೆ ‘ಸವಣೂರು ಖಾರಾ’ ಎಂಬ ಬೋರ್ಡು ಕಾಣುತ್ತೀರಿ. ಅದನ್ನು ಸವಣೂರಿನಲ್ಲೇ, ಬಾಣಲೆಯಿಂದ ಇಳಿದ ಹೊತ್ತಿಗೆ ತಿನ್ನುವ ರುಚಿಯೇ ಬೇರೆ. ಚುರುಮುರಿ ಮೇಲೆ ಉದುರಿಸಿ, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನಿ. ಅಂಗಡಿಯವರು ಮೊದಲು ಅಂಗೈಗೆ ಒಂದು ಚಿಟಿಕೆ ಹಾಕಿ ರುಚಿ ನೋಡಿ ಎನ್ನುತ್ತಾರೆ. ತೂಕ ಹಾಕುವುದು ಆಮೇಲೆ.

ಬರುವಾಗ ಸಮಯವಿದ್ದರೆ ಬಂಕಾಪುರದಲ್ಲಿ ಇಳಿಯಿರಿ. ಜೈನ ಮುನಿ ಗುಣಭದ್ರರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದ ಊರು ಅದು. ಕೋಟೆಯೊಳಗೆ ನಗರೇಶ್ವರ ಗುಡಿಯ ಕಂಬಗಳ ಸಾಲಿದೆ, ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ, ನವಿಲುಗಳಿವೆ. ದನಗಳ ಮೇವಿಗಾಗಿ ಕೋಟೆಯ ನೆಲವನ್ನು ಕಾದಿಟ್ಟರು. ಕಾಳು, ಪೊದೆ, ನೆಮ್ಮದಿ ಮೂರೂ ಸಿಕ್ಕಿದ್ದರಿಂದ ನವಿಲುಗಳು ಹೆಚ್ಚಿದವು. ಈಗ ಅದೇ ನವಿಲುಧಾಮ. ಹಳೆಯ ಕೋಟೆಯೊಂದನ್ನು ಎತ್ತು, ನವಿಲು ಎರಡೂ ಸೇರಿ ಉಳಿಸಿದ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಡೆಗೆ ಸಂಘಕ್ಕೆ ಒಂದು ಕೆಲಸ ಹಚ್ಚಿ ನನ್ನ ಮಾತು ಮುಗಿಸುತ್ತೇನೆ. ಬ್ರಿಟಿಷರ ಕಾಲದ ಗೆಜೆಟಿಯರ್ ಸವಣೂರಿನ ಸುತ್ತ ಕಂದಕವಿತ್ತು, ಎಂಟು ಅಗಸಿಗಳಿದ್ದವು, ಅವುಗಳಲ್ಲಿ ಮೂರು ಆಗಲೇ ಹಾಳಾಗಿದ್ದವು ಎನ್ನುತ್ತದೆ. ಯಾವ ಅಗಸಿ ಎಲ್ಲಿತ್ತು, ಜನ ಅದನ್ನು ಏನೆಂದು ಕರೆಯುತ್ತಿದ್ದರು, ಯಾವುದರ ಮೂಲಕ ಎಲೆಯ ಬಂಡಿಗಳು ಹೊರಗೆ ಹೋಗುತ್ತಿದ್ದವು ಎಂಬುದನ್ನು ಹೇಳಬಲ್ಲ ಹಿರಿಯರು ಅಲ್ಲಿನ ಓಣಿಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಕೇಳಿ ಬರೆದಿಡಬೇಕು. ನಮ್ಮ ಹೈಸ್ಕೂಲಿನ ಮಕ್ಕಳನ್ನು ಈ ಮುಂಗಾರಿನಲ್ಲಿ ಒಂದು ಶನಿವಾರ ಕರೆದೊಯ್ಯೋಣ. ಕೈಯಲ್ಲಿ ಒಂದು ವಹಿ, ಒಂದು ಪೆನ್ನು ಸಾಕು. ಅಲ್ಲಿನ ಶಾಲೆಯ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡು ನಕ್ಷೆ ಬರೆಸೋಣ. ಮುಂದಿನ ವರ್ಷ ಆ ಮಕ್ಕಳು ಚಿಕ್ಕೇರೂರಿಗೆ ಬರಲಿ, ನಮ್ಮ ಕೆರೆ, ನಮ್ಮ ಗುಡಿ, ನಮ್ಮ ಸಂತೆಯಲ್ಲಿ ಅವರಿಗೆ ಏನು ಕಂಡಿತೆಂದು ಇದೇ ವೇದಿಕೆಯ ಮೇಲೆ ನಿಂತು ಹೇಳಲಿ. ಬಸ್ಸಿನ ಖರ್ಚಿಗೆ ನನ್ನ ಪಾಲು ಇವತ್ತೇ ಖಜಾಂಚಿಯವರ ಕೈಗೆ ಕೊಟ್ಟು ಹೋಗುತ್ತೇನೆ.