ಐವರೊಡನೆ ಕಣಕ್ಕೆ



ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಿತೆಂದರೆ ಮಾನ್ವಿ, ಪೋತ್ನಾಳ, ಸಿಂಧನೂರುಗಳ ಸೀಮೆಯಲ್ಲಿ ಭತ್ತದ ನಾಟಿ ಮೊದಲಾಗುವುದು. ಶಾಲೆಗಳ ಕ್ರೀಡಾಕೂಟಗಳೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುವುದರಿಂದ, ಹೆಣ್ಣುಮಕ್ಕಳ ತಂಡವೊಂದನ್ನು ಕಟ್ಟಹೊರಟ ದೈಹಿಕ ಶಿಕ್ಷಕರು ಸಂಜೆ ಮೈದಾನದಲ್ಲಿ ಹೆಸರು ಕರೆದರೆ, ತಾಯಿಯೊಡನೆ ಕೂಲಿಗೆ ಹೋದವಳು, ತಮ್ಮನನ್ನು ಆಡಿಸಲು ಮನೆಯಲ್ಲುಳಿದವಳು, ಗುಳೆ ಹೊರಟವರ ಸಂಗಡ ಬೆಂಗಳೂರು ಸೇರಿದವಳು, ಹೀಗೆ ಹಲವರ ಹೆಸರಿಗೆ ಉತ್ತರವೇ ಬರುವುದಿಲ್ಲ.

ಈ ಸಂದರ್ಭದಲ್ಲಿ ನನಗೆ ನೆಟ್‌ಬಾಲ್ ಎಂಬ ಆಟದ ನಿಯಮವೊಂದು ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ ಬಾಸ್ಕೆಟ್‌ಬಾಲಿನಿಂದ ಕವಲೊಡೆದು ಬೆಳೆದ ಈ ಕ್ರೀಡೆ ಕಬಡ್ಡಿ, ಖೊಖೊಗಳಂತೆ ನಮ್ಮ ಹಳ್ಳಿಗಳಿಗೆ ಪರಿಚಿತವಲ್ಲ. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ವನಿತೆಯರೂ ಇದನ್ನು ಆಡಿದ್ದರೆಂಬುದು ಎಷ್ಟು ಮಂದಿಗೆ ನೆನಪಿದೆಯೋ! ಪೂರ್ಣ ತಂಡಕ್ಕೆ ಏಳು ಮಂದಿ; ಆದರೆ ಐವರಿದ್ದರೂ ಕಣಕ್ಕಿಳಿಯಲು ಅನುಮತಿಯುಂಟು, ಆ ಐವರಲ್ಲಿ ಒಬ್ಬಳು ಸೆಂಟರ್ ಸ್ಥಾನದಲ್ಲಿರಲೇಬೇಕೆಂಬುದೊಂದೇ ಕಟ್ಟಳೆ.

ಹಾಗಾದರೆ ಖಾಲಿ ಬಿಡಬೇಕಾದ ಸ್ಥಾನಗಳಾವುವು? ಚೆಂಡನ್ನು ಹಿಡಿದವಳು ಮೂರು ಸೆಕೆಂಡಿನೊಳಗೆ ಕೈಬಿಡಬೇಕು, ಅದನ್ನು ನೆಲಕ್ಕೆ ಪುಟಿಸುತ್ತ ಓಡುವಂತಿಲ್ಲ, ಅಂಕಣದ ಮೂರು ಭಾಗಗಳಲ್ಲಿ ಯಾವುದೊಂದನ್ನೂ ಚೆಂಡು ಯಾರ ಕೈಗೂ ತಾಗದೆ ದಾಟುವಂತಿಲ್ಲ. ಆದ್ದರಿಂದ ಮಧ್ಯಭಾಗವು ಬರಿದಾದರೆ ಆಟವೇ ಕಡಿದುಹೋಗುತ್ತದೆ. ಬಲ್ಲ ಶಿಕ್ಷಕರು ಸಾಮಾನ್ಯವಾಗಿ ವಿಂಗ್ ಅಟ್ಯಾಕ್, ವಿಂಗ್ ಡಿಫೆನ್ಸ್ ಎಂಬೆರಡು ಪಕ್ಕದ ಸ್ಥಾನಗಳನ್ನು ಬಿಟ್ಟು, ಗೋಲ್ ಅಟ್ಯಾಕ್ ಹಾಗೂ ಗೋಲ್ ಡಿಫೆನ್ಸ್ ಆಡುವ ಹುಡುಗಿಯರನ್ನು ನಡುಭಾಗಕ್ಕೆ ಧಾವಿಸಿ ಬಂದು ಸೆಂಟರಿಗೆ ಹೆಗಲು ಕೊಡುವಂತೆ ತಯಾರು ಮಾಡುತ್ತಾರೆ. ಮಳೆಗೆ ನೆನೆದ ಎರೆಮಣ್ಣು ಅಂಗಾಲಿಗೆ ಹೆಂಟೆಯಾಗಿ ಅಂಟಿಕೊಳ್ಳುವ ನಮ್ಮ ಮೈದಾನಗಳಲ್ಲಿ ಈ ಓಟ ಸುಲಭದ್ದಲ್ಲ. ಸೆಂಟರ್ ಆಡಿದವಳು ಮೊದಲ ಹದಿನೈದು ನಿಮಿಷ ಮುಗಿಯುವಷ್ಟರಲ್ಲಿ ಏದುಸಿರು ಬಿಡುತ್ತಾಳೆ. ಆದಕಾರಣ ನಾಲ್ಕು ಅವಧಿಗಳ ಬಿಡುವಿನಲ್ಲಿ ಸ್ಥಾನಗಳನ್ನು ಅದಲುಬದಲು ಮಾಡಲು ಅನುವಾಗುವಂತೆ, ಪ್ರತಿಯೊಬ್ಬಳಿಗೂ ಎರಡು ಮೂರು ಸ್ಥಾನಗಳ ಆಟವನ್ನು ಮೊದಲೇ ಕಲಿಸಿರಬೇಕಾಗುತ್ತದೆ.

ಬಾರದ ಮಕ್ಕಳನ್ನು ಬಂದ ಮಕ್ಕಳ ಮುಂದೆ ಹಳಿಯುವುದು ಕೆಲವು ಗುರುಗಳ ಅಭ್ಯಾಸ. ನನಗದು ಸರಿತೋರುವುದಿಲ್ಲ. ಗದ್ದೆಯ ಕೆಸರಿನಲ್ಲಿ ಬೆನ್ನು ಬಾಗಿಸಿ ಸಸಿ ಹಚ್ಚುತ್ತಿರುವ ಬಾಲೆ ಸೋಮಾರಿಯಾಗಿ ಆಟ ತಪ್ಪಿಸಿದವಳಲ್ಲ. ನಾಳೆ ಅವಳು ಮರಳಿ ಬಂದಾಗ ನಿಲ್ಲಲು ಒಂದು ಸ್ಥಾನವಿದೆಯೆಂಬ ಧೈರ್ಯ ಅವಳಿಗಿರಬೇಕು. ಇತ್ತ ಬಂದ ಐವರ ಅಭ್ಯಾಸವನ್ನೂ ಬಾರದವರ ನೆಪದಿಂದ ನಿಲ್ಲಿಸಬಾರದು.

ಆದರೆ ಮಿಕ್ಕ ಇಬ್ಬರನ್ನು ಕರೆತರುವುದು ಶಿಕ್ಷಕರೊಬ್ಬರಿಂದ ಆಗುವ ಕೆಲಸವಲ್ಲ. ಪೋತ್ನಾಳದ ಸುತ್ತಿನ ತಾಯಂದಿರೆ, ತಂದೆಯರೆ, ನಾಟಿಯ ದಿನಗಳಲ್ಲಿಯೂ ನಿಮ್ಮ ಮಗಳನ್ನು ಹಗಲು ಶಾಲೆಗೂ ಸಂಜೆ ಒಂದು ತಾಸು ಮೈದಾನಕ್ಕೂ ಕಳುಹಿಸಿಕೊಡಿರಿ.