ಬೇಲಿಯೇ ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯುವ ಗಾದೆಯನ್ನು ಹುನಗುಂದದ ಎರೆಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯದೇಹಕ್ಕೂ ಅಂಥ ಬೇಲಿಯೊಂದು ಉಂಟು. ರೋಗಾಣುಗಳನ್ನು ಗುರುತಿಸಿ ತಡೆಯುವ ಆ ವ್ಯವಸ್ಥೆಗೆ ತನ್ನದು ಯಾವುದು, ಅನ್ಯವಾದುದು ಯಾವುದು ಎಂಬ ವಿವೇಕವೇ ಜೀವಾಳ. ಆ ವಿವೇಕ ತಪ್ಪಿ, ಅದು ಸ್ವಂತ ಜೀವಕೋಶಗಳನ್ನೇ ಹಗೆಯೆಂದು ಬಗೆದಾಗ ಹುಟ್ಟುವ ವ್ಯಾಧಿಗಳಲ್ಲಿ ಲೂಪಸ್ ಒಂದು.

ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ಮುಖದ ಹುಣ್ಣು ತೋಳ ಕಚ್ಚಿದಂತೆ ತೋರಿದ್ದರಿಂದ ಮಧ್ಯಯುಗದ ಯುರೋಪಿನಲ್ಲಿ ಬಂದ ಹೆಸರಿದು. ಆದರೆ ವ್ಯಾಧಿ ಚರ್ಮದಲ್ಲಿಯೇ ನಿಲ್ಲದು. ಜೀವಕೋಶದ ಕೇಂದ್ರದೊಳಗಿನ ವಸ್ತುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿ, ರಕ್ತದೊಡನೆ ಸಂಚರಿಸಿ, ಕೀಲುಗಳಲ್ಲಿ, ಹೃದಯ ಶ್ವಾಸಕೋಶಗಳ ಹೊದಿಕೆಯಲ್ಲಿ, ಮೂತ್ರಪಿಂಡಗಳಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ. ರೋಗಿಗಳಲ್ಲಿ 10ಕ್ಕೆ ಸುಮಾರು 9 ಮಂದಿ ಸ್ತ್ರೀಯರು. ಅವರಲ್ಲಿಯೂ ಹೆಚ್ಚಿನವರು 15ರಿಂದ 45ರೊಳಗಿನ ಪ್ರಾಯದವರು.

ನಮ್ಮ ಸೀಮೆಯ ಸಂಕಟವಿರುವುದು ಇಲ್ಲಿಯೇ. ಇಳಕಲ್ಲಿನಲ್ಲಿ ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಹೆಣ್ಣುಮಗಳ ಬೆರಳು ಬೆಳಗಿನ ಹೊತ್ತು ಬಿಗಿದರೆ, ಅದು ಮಗ್ಗದ ನೋವು. ಬಾದಾಮಿಯ ಬಿಸಿಲಿಗೆ ಕೆನ್ನೆ ಕೆಂಪೇರಿದರೆ, ಅದು ಸೆಕೆ. ದಣಿವೆಂದರೆ ಮೈಗಳ್ಳತನ. ಇಂಥ ಸಿದ್ಧ ಸಮಾಧಾನಗಳನ್ನು ನಾನು ಕೇಳಿಬಲ್ಲೆ. ಬಿಡಿಬಿಡಿಯಾಗಿ ಅವು ನಿಜವೂ ಆಗಿರಬಹುದು. ಆದರೆ ಕೀಲುನೋವು, ಬಿಡದ ಜ್ವರ, ಬಾಯಿಹುಣ್ಣು, ಕೂದಲುದುರುವಿಕೆ, ಮೂಗಿನ ಎರಡೂ ಪಕ್ಕಕ್ಕೆ ಚಿಟ್ಟೆಯ ರೆಕ್ಕೆಯಂತೆ ಹರಡಿದ ಕೆಂಪು, ಇವು ಒಬ್ಬಳಲ್ಲಿಯೇ ಕೂಡಿಬಂದಾಗ ಎಳೆಗಳನ್ನು ಸೇರಿಸಿ ನೋಡಬೇಕು. ಬಿಸಿಲು ಈ ವ್ಯಾಧಿಯನ್ನು ಕೆರಳಿಸುತ್ತದೆಂಬುದನ್ನೂ ಮರೆಯಲಾಗದು.

ಮೂತ್ರಪಿಂಡದ ಹಾನಿ ಮೊದಮೊದಲು ನೋಯಿಸುವುದಿಲ್ಲ. ಮೂತ್ರದಲ್ಲಿ ಪ್ರೋಟೀನು ಸೋರುವುದೇ ಅದರ ಸುಳಿವು. ಆದುದರಿಂದ ಕೈಗೆಟಕುವ ಒಂದು ಮೂತ್ರಪರೀಕ್ಷೆ, ಬಳಿಕ ಬಾಗಲಕೋಟೆಯಂಥ ಊರಿಗೆ ಹೋಗಿ ಮಾಡಿಸುವ ರಕ್ತಪರೀಕ್ಷೆ ಒಂದು ಜೀವವನ್ನೇ ಉಳಿಸಬಹುದು.

ವ್ಯಾಧಿಯನ್ನು ಬೇರುಸಹಿತ ಕೀಳುವ ಖಚಿತ ಮದ್ದು ಇಲ್ಲವಾದರೂ ಅದನ್ನು ಅಂಕೆಯಲ್ಲಿಡಬಹುದು. ಮಲೇರಿಯಾಕ್ಕೆಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಇಂದು ಇದರ ಚಿಕಿತ್ಸೆಗೆ ಆಧಾರ. ಅದನ್ನು ಸೇವಿಸುವವರು ಕಣ್ಣಿನ ತಪಾಸಣೆ ಮಾಡಿಸುತ್ತಿರಬೇಕು. ಉರಿಯೂತ ತೀವ್ರವಾದಾಗ ಸ್ಟಿರಾಯ್ಡ್ ಬೇಕಾಗುತ್ತದೆ. ಮುಖ ಊದಿತೆಂದು ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ.

ಇದು ಅಂಟುರೋಗವಲ್ಲ. ವ್ಯಾಧಿ ತಣಿದಿರುವಾಗ, ವೈದ್ಯರ ಸಲಹೆಯಂತೆ, ತಾಯ್ತನವೂ ಸಾಧ್ಯ. ಮಗ್ಗದ ಮುಂದೆ ಕುಳಿತವಳು ಬೆರಳು ಮಡಿಚಲಾಗುತ್ತಿಲ್ಲವೆಂದರೆ ಮನೆಯವರು ಮೊದಲು ಆಕೆಯ ಮಾತನ್ನು ನಂಬಬೇಕು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು ಎಂಬುದಷ್ಟೇ ನನ್ನ ವಿನಂತಿ.